ಕೆಂಪೆಣ್ಣೆ ಗುಲಾಬಿಯಾದಾಗ

ಪುಣೆಯ ವಿಮಾನ ನಗರದಲ್ಲಿ ಮಾತನ್ನು ಅರ್ಧಕ್ಕೆ ನಿಲ್ಲಿಸಿದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಪಕ್ಕದ ಲೋಹಗಾಂವ್ ವಾಯುನೆಲೆಯಿಂದ ಸುಖೋಯ್ ಯುದ್ಧವಿಮಾನ ಮೇಲೇಳುವ ಹೊತ್ತಿಗೆ ಚಹಾದಂಗಡಿಯವನು ಚಿಲ್ಲರೆಯ ಎಣಿಕೆಯನ್ನು, ತರಕಾರಿ ಗಾಡಿಯ ಮುಂದೆ ನಿಂತವರು ಕೊತ್ತಂಬರಿಯ ಚೌಕಾಸಿಯನ್ನು, ಮೂರನೇ ಮಹಡಿಯ ಗಂಡ ಹೆಂಡತಿ ತಮ್ಮ ಜಗಳವನ್ನು ಇದ್ದಲ್ಲಿಗೇ ಬಿಡುತ್ತಾರೆ. ಕಿಟಕಿ ಗಾಜಿನ ನಡುಕ ನಿಂತು, ಸದ್ದು ಮೋಡದಾಚೆ ತೆಳುವಾದ ಮೇಲೆ ಬಿಟ್ಟ ಪದದಿಂದಲೇ ಮತ್ತೆ ಎತ್ತಿಕೊಳ್ಳುತ್ತಾರೆ. ಬಂದ ಹೊಸದರಲ್ಲಿ ನನಗಿದು ವಿಚಿತ್ರ ಅನ್ನಿಸುತ್ತಿತ್ತು. ಈಗ ಧಾರವಾಡಕ್ಕೆ ಹೋದಾಗ, ನಮ್ಮ ಮನೆ ಕಟ್ಟೆಯ ಮೇಲೆ ಕೂತವರು ತಡೆಯೇ ಇಲ್ಲದೆ ಮಾತಾಡುವುದು ಕೇಳಿದರೆ, ಇವರಿಗೆ ಉಸಿರು ತೆಗೆದುಕೊಳ್ಳಲೂ ಪುರಸೊತ್ತಿಲ್ಲವೇ ಅನ್ನಿಸುತ್ತದೆ.

ಉಸಿರಿನ ಮಾತು ಬಂದದ್ದು ಒಳ್ಳೆಯದೇ ಆಯಿತು. ಈಗ ನಾವು ಹೊರಟಿರುವುದು ಉಸಿರಾಡುವ ಒಂದು ಕಬ್ಬಿಣದ ಪೆಟ್ಟಿಗೆಯನ್ನು ನೋಡಲಿಕ್ಕೆ.

ದತ್ತ ಮಂದಿರ ಚೌಕದ ಗದ್ದಲ ದಾಟಿ ಒಳಗಲ್ಲಿಗೆ ತಿರುಗಿದರೆ, ಎರಡು ಅಪಾರ್ಟ್‌ಮೆಂಟುಗಳ ಕಾಂಪೌಂಡ್ ಗೋಡೆಯ ನಡುವೆ ಸಿಕ್ಕಿಕೊಂಡಂತೆ ಒಂದು ತಗಡಿನ ಶೆಡ್ಡು ನಿಂತಿದೆ. ಬೋರ್ಡು ಇದ್ದದ್ದು ಹೋದ ವರ್ಷದ ಗಾಳಿಗೆ ಹಾರಿಹೋಯಿತು, ಮತ್ತೆ ಹಾಕಿಲ್ಲ. ಬಾಗಿಲ ಮೇಲೆ ಮೆಣಸಿನಕಾಯಿಯ ಜೊತೆ ಪೋಣಿಸಿದ ನಿಂಬೆಹಣ್ಣು ತೂಗುತ್ತಿದೆ. ಮಳೆ ರಾತ್ರಿಯಿಡೀ ಹೊಡೆದು ಈಗ ಸಣ್ಣಗೆ ಸೋನೆಯಾಗಿದೆ. ತಗಡಿನ ಮೇಲೆ ಅದರ ಸದ್ದು ಅಕ್ಕಿ ಕೇರಿದ ಹಾಗೆ. ಒಳಗೆ ಕಾಲಿಟ್ಟರೆ ಮೊದಲು ಮೂಗಿಗೆ ಬಡಿಯುವುದು ಸುಟ್ಟ ಎಣ್ಣೆಯ ವಾಸನೆ, ಅದರ ಹಿಂದೆಯೇ ಒದ್ದೆ ಸೀಟಿನ ಮುಗ್ಗಲು, ಆಮೇಲೆ ಎಲ್ಲಿಂದಲೋ ಶುಂಠಿ ಚಹಾ. ನೀವು ಆ ಹಳೆ ಟೈರಿನ ಮೇಲೆ ಕೂತುಕೊಳ್ಳಿ. ಪ್ಯಾಂಟಿಗೆ ಕಪ್ಪು ಹತ್ತುತ್ತದೆ, ಇಲ್ಲಿ ಬಂದ ಎಲ್ಲರಿಗೂ ಹತ್ತಿದೆ.

ಮಿಸ್ತ್ರಿಯವರು ವಿಜಯಪುರ ಜಿಲ್ಲೆಯ ಇಂಡಿಯ ಕಡೆಯವರು. ಗಿರಾಕಿಯ ಜೊತೆ ಮರಾಠಿ, ಬಿಹಾರದಿಂದ ಬಂದ ಹುಡುಗರ ಜೊತೆ ಹಿಂದಿ, ಬೈಯುವಾಗ ಮತ್ತು ಲೆಕ್ಕ ಹಾಕುವಾಗ ಕನ್ನಡ. ಬಾಗಿಲ ಮೇಲಿನ ನಿಂಬೆಹಣ್ಣು ಊರಿನದೇ, ಪುಣೆಯ ನಿಂಬೆಗೆ ದೃಷ್ಟಿ ತೆಗೆಯುವ ಶಕ್ತಿ ಇಲ್ಲ ಎಂದು ಅವರ ನಂಬಿಕೆ. ನನ್ನನ್ನು ಕಂಡು, "ಬರ್‍ರಿ ಸಾಹೇಬ್ರ, ನಿಮ್ಮ ಗಾಡಿ ಆಮ್ಯಾಲ ನೋಡೂಣು. ಮೊದಲ ಇದರ ಹಣೇಬರಾ ನೋಡ್ರಿ," ಎಂದು ತಲೆಯ ಮೇಲೆ ಬೆರಳು ತೋರಿಸಿದರು.

ಮೇಲೆ, ರ್‍ಯಾಂಪಿನ ಕಬ್ಬಿಣದ ತೋಳುಗಳ ಮೇಲೆ ನೀಲಿ ಬಣ್ಣದ ಸಣ್ಣ ಕಾರೊಂದು ನಾಲ್ಕು ಚಕ್ರಗಳನ್ನೂ ಇಳಿಬಿಟ್ಟುಕೊಂಡು ನಿಂತಿದೆ. ಅದರ ಹೊಟ್ಟೆಯಿಂದ ನೀರು ಇನ್ನೂ ತೊಟ್ಟಿಕ್ಕುತ್ತಿದೆ. ಮೊನ್ನೆ ರಾತ್ರಿ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿಗೆ ನೀರು ನುಗ್ಗಿ, ಬೆಳಗಾಗುವವರೆಗೂ ಕಾರಿನ ಬಾಗಿಲ ಅರ್ಧಕ್ಕೆ ನಿಂತಿತ್ತಂತೆ. ಒಬ್ಬ ಹುಡುಗ ಗೇರ್‌ಬಾಕ್ಸಿನ ಅಡಿಗೆ ಅಗಲ ಬಾಯಿಯ ಬೋಗುಣಿ ಹಿಡಿದ. ಮಿಸ್ತ್ರಿ ಪಾನಾ ಹಾಕಿ ಚೇಂಬರಿನ, ಅಂದರೆ ಅಡಿಯ ಎಣ್ಣೆತೊಟ್ಟಿಯ, ನಟ್ಟನ್ನು ಎರಡು ಸುತ್ತು ಸಡಿಲಿಸಿ, ಉಳಿದದ್ದನ್ನು ಬೆರಳಿನಿಂದಲೇ ತಿರುಗಿಸುತ್ತ ಪಕ್ಕಕ್ಕೆ ಸರಿದರು. ಬಿದ್ದದ್ದು ಎಣ್ಣೆಯಲ್ಲ. ನೋಡಿದರೆ ಲಕ್ಷ್ಮಿ ರೋಡಿನ ಅಂಗಡಿಯಲ್ಲಿ ಉದ್ದ ಗ್ಲಾಸಿಗೆ ಸುರಿದು ಕೊಡುವ ಹಾಲಿನ ಗುಲಾಬಿ ಮಸ್ತಾನಿ. ದಪ್ಪ, ನೊರೆನೊರೆ, ತಿಳಿಗುಲಾಬಿ. ಬೋಗುಣಿಯ ಅಂಚಿನಲ್ಲಿ ಗುಳ್ಳೆಗಳು ನಿಧಾನಕ್ಕೆ ಒಡೆಯುತ್ತಿದ್ದವು.

ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಎಣ್ಣೆಗೆ, ಗ್ಯಾರೇಜಿನವರು ಏಟಿಎಫ್ ಅನ್ನುವುದಕ್ಕೆ, ಸಾಮಾನ್ಯವಾಗಿ ಕೆಂಪು ಬಣ್ಣ ಬೆರೆಸಿರುತ್ತಾರೆ. ಎಂಜಿನ್ ಎಣ್ಣೆಯ ಜೊತೆ ಗುರುತು ತಪ್ಪಬಾರದೆಂದು, ಸೋರಿದರೆ ಎಲ್ಲಿಂದ ಸೋರಿತೆಂದು ಗೊತ್ತಾಗಲೆಂದು. ಹೊಸದು ಕೋಕಮ್ ಶರಬತ್ತಿನ ಹಾಗೆ ಬೆಳಕಿಗೆ ಹಿಡಿದರೆ ಆರಪಾರ ಕಾಣುತ್ತದೆ. ಹಳೆಯದಾದಂತೆ ಕಂದು, ಸುಟ್ಟರೆ ಕಪ್ಪು. ಗುಲಾಬಿ ಬಣ್ಣ ಬಂತೆಂದರೆ ಅದಕ್ಕೆ ಅರ್ಥ ಒಂದೇ, ನೀರು.

ಆದರೂ ಮಿಸ್ತ್ರಿ ಕಣ್ಣನ್ನಷ್ಟೇ ನಂಬುವವರಲ್ಲ. ಮೂಲೆಯಲ್ಲಿ ಚಹಾದ ಸ್ಟೋವಿನ ಪಕ್ಕ ಒಂದು ತವೆ ಇದೆ. ಅದರ ಮೇಲೆ ರೊಟ್ಟಿ ಬೇಯಿಸಿ ವರ್ಷಗಳಾಗಿವೆ. ಅದನ್ನು ಕಾಯಿಸಿ, ಸ್ಟೋವ್ ಆರಿಸಿ, ಬೋಗುಣಿಯಲ್ಲಿ ಅದ್ದಿದ ಕಡ್ಡಿಯಿಂದ ಒಂದೇ ಒಂದು ಹನಿ ಬಿಟ್ಟರು. ಚಟಪಟ ಚಟಪಟ. ಒಗ್ಗರಣೆಗೆ ಸಾಸಿವೆ ಬಿದ್ದ ಹಾಗೆ ಹನಿ ಸಿಡಿದು, ಕುಣಿದು, ತವೆಯ ತುಂಬ ಚೂರಾಯಿತು. ಬರೀ ಎಣ್ಣೆಯಾದರೆ ಆ ಬಿಸಿಗೆ ಸುಮ್ಮನೆ ಹರಡಿಕೊಂಡು ಹೊಗೆಯಾಡುತ್ತದೆ. ನೀರಿದ್ದರೆ ಅದು ಒಳಗೇ ಆವಿಯಾಗಿ ಎಣ್ಣೆಯನ್ನು ಒಡೆದುಕೊಂಡು ಹೊರಬರುತ್ತದೆ. ದೊಡ್ಡ ಪ್ರಯೋಗಾಲಯಗಳಲ್ಲೂ ಎಣ್ಣೆಯೊಳಗಿನ ನೀರು ಹಿಡಿಯಲಿಕ್ಕೆ ಮೊದಲು ಮಾಡುವುದು ಇದನ್ನೇ, ಅಲ್ಲಿ ತವೆಗೆ ಬೇರೆ ಹೆಸರಿದೆ ಅಷ್ಟೆ.

"ಇದು ಉಳೀತೈತಿ," ಅಂದರು. "ಇದರ ಯಜಮಾನ ಹುಡುಗ ಶ್ಯಾಣ್ಯಾ. ನೀರ ಇಳದ ಮ್ಯಾಲ ಕೀಲಿ ಹಚ್ಚಿಲ್ಲ, ಸ್ಟಾರ್ಟ್ ಹೊಡದಿಲ್ಲ. ಬ್ಯಾಟ್ರಿ ವಾಯರ್ ಬಿಚ್ಚಿ ನನಗ ಫೋನ್ ಮಾಡ್ಯಾನ. ಆ ಬಿಳೀದರ ಯಜಮಾನ ನೋಡ್ರಿ..."

ಮಾತು ಅಲ್ಲಿಗೆ ನಿಂತಿತು. ಶೆಡ್ಡಿನ ತಗಡೆಲ್ಲ ಗುಡುಗತೊಡಗಿತು. ಹುಡುಗರು ತಲೆ ಎತ್ತಲಿಲ್ಲ. ಬೋಗುಣಿಯ ಗುಲಾಬಿ ಮೇಲ್ಮೈಯಲ್ಲಿ ಸಣ್ಣ ಉಂಗುರಗಳು ಎದ್ದು ಅಂಚಿಗೆ ಬಡಿದು ಮಡಿದವು. ಸದ್ದು ಲೋಹಗಾಂವ್ ಕಡೆಯಿಂದ ಎದ್ದು ನಗರ್ ರೋಡಿನ ಮೇಲೆ ಹಾದು ಹೋಗುವವರೆಗೂ ಮಿಸ್ತ್ರಿ ಕಾಟನ್ ವೇಸ್ಟಿನಲ್ಲಿ ಬೆರಳು ಒಂದೊಂದಾಗಿ ಒರೆಸಿಕೊಂಡರು.

"...ಎಂಜಿನ್ ಬಂದ್ ಬೀಳಲಿಲ್ಲ ಅಂತ ಖುಷಿ ಪಟ್ಟ," ಎಂದು ಮುಗಿಸಿದರು.

ಬಿಳಿಯದು ಶೆಡ್ಡಿನ ಆಚೆ ತುದಿಯಲ್ಲಿ ನಿಂತಿದೆ, ಉದ್ದನೆಯ ಸೆಡಾನ್. ಅದರ ಗೇರ್‌ಬಾಕ್ಸು ಕೆಳಗಿಳಿದು ಮೇಜಿನ ಮೇಲೆ ಬಿಚ್ಚಿಕೊಂಡಿದೆ. ಮೂರು ವಾರದ ಹಿಂದೆ ಮಳೆಯ ಸಂಜೆ ಅದರ ಒಡೆಯ ಆಫೀಸಿನಿಂದ ಮನೆಗೆ ಹೊರಟು, ಹೈವೇ ಮೇಲೆ ಒಂದು ಗಂಟೆ ಓಡಿಸಿ, ಮನೆ ಹತ್ತಿರದ ತಗ್ಗಿನಲ್ಲಿ ಚಕ್ರ ಮುಳುಗುವ ನೀರಿಗೆ ನೇರ ಇಳಿಸಿದ್ದ. ನಡುವೆ ಎದುರಿನ ಬಸ್ಸು ಕೆಟ್ಟು ನಿಂತು, ಇವನೂ ನೀರಲ್ಲೇ ಹತ್ತು ನಿಮಿಷ ನಿಂತ. ದಾಟಿದ. ಎಂಜಿನ್ ಗುರ್ ಅನ್ನುತ್ತಲೇ ಇತ್ತು. ಗೆದ್ದೆ ಅಂದುಕೊಂಡ.

ಎಂಜಿನ್ ಗಾಳಿ ಎಳೆದುಕೊಳ್ಳುವ ಬಾಯಿ ಮುಂದಿನ ಗ್ರಿಲ್ಲಿನ ಹಿಂದೆ ಎತ್ತರದಲ್ಲಿರುತ್ತದೆ. ಗೇರ್‌ಬಾಕ್ಸು ಇರುವುದು ಕೆಳಗೆ. ನಮ್ಮ ಸಾಮಾನ್ಯ ಕಾರುಗಳ ಹೊಟ್ಟೆಗೂ ರಸ್ತೆಗೂ ನಡುವೆ ಒಂದು ಗೇಣಿಗಿಂತ ಕಡಿಮೆ, 170 ಮಿಲಿಮೀಟರಿನ ಆಸುಪಾಸು. ಅಂದಮೇಲೆ ಎಂಜಿನ್ನಿಗೆ ಏನೂ ಆಗದಷ್ಟು ನೀರಿನಲ್ಲಿಯೂ ಗೇರ್‌ಬಾಕ್ಸು ಕುತ್ತಿಗೆವರೆಗೆ ಮುಳುಗಿರುತ್ತದೆ. ಇಷ್ಟಾದರೂ ಅದು ಮುಚ್ಚಿದ ಪೆಟ್ಟಿಗೆಯಲ್ಲವೇ, ನೀರು ಹೋಗುವುದೆಲ್ಲಿಂದ?

ಮಿಸ್ತ್ರಿ ನನ್ನ ಕೈಗೆ ಹೆಬ್ಬೆರಳ ತುದಿಯಷ್ಟಿರುವ ಒಂದು ಟೊಪ್ಪಿಗೆ ಕೊಟ್ಟರು. ಅಲ್ಲಾಡಿಸಿದರೆ ಸಣ್ಣಗೆ ಕಟಕಟ ಅನ್ನುತ್ತದೆ. ಬ್ರೀದರ್. ಗೇರ್‌ಬಾಕ್ಸಿನ ನೆತ್ತಿಯ ಮೇಲೆ ಕೂರುವ ಮೂಗು. ಓಡುವಾಗ ಒಳಗಿನ ಎಣ್ಣೆ 80-90 ಡಿಗ್ರಿಗೆ ಕಾಯುತ್ತದೆ, ಗಾಳಿ ಹಿಗ್ಗುತ್ತದೆ. ಹಿಗ್ಗಿದ ಗಾಳಿಗೆ ದಾರಿ ಕೊಡದಿದ್ದರೆ ಸೀಲುಗಳು ಒಡೆದು ಎಣ್ಣೆ ಕಕ್ಕುತ್ತದೆ. ಅದಕ್ಕೇ ಈ ಮೂಗು. ತಣ್ಣಗಾದಾಗ ಬಿಟ್ಟ ಉಸಿರನ್ನು ಮತ್ತೆ ಒಳಗೆಳೆದುಕೊಳ್ಳಬೇಕು. ಮನೆ ಮುಂದೆ ನಿಲ್ಲಿಸಿದ ಕಾರು ರಾತ್ರಿಯೆಲ್ಲ ನಿಧಾನಕ್ಕೆ ಎಳೆದುಕೊಳ್ಳುವ ಈ ಉಸಿರನ್ನು, ಕಾದ ಪೆಟ್ಟಿಗೆಯನ್ನು ತಣ್ಣೀರಿಗೆ ಇಳಿಸಿದಾಗ ಅದು ಒಮ್ಮೆಲೇ ಎಳೆದುಕೊಳ್ಳುತ್ತದೆ. 90 ಡಿಗ್ರಿಯ ಗಾಳಿ 25ಕ್ಕೆ ಇಳಿದರೆ ಐದರಲ್ಲಿ ಸುಮಾರು ಒಂದು ಪಾಲು ಕುಗ್ಗುತ್ತದೆ. ಆ ಖಾಲಿಗೆ ಮೂಗಿನ ಹತ್ತಿರ ಏನಿದೆಯೋ ಅದೇ ಒಳಗೆ. ಗಾಳಿ ಇದ್ದರೆ ಗಾಳಿ, ನೀರಿದ್ದರೆ ನೀರು. ಮೂಗು ಮಣ್ಣು ತುಂಬಿ ಕಟ್ಟಿಕೊಂಡಿದ್ದರೆ ಇನ್ನೂ ಕೇಡು, ಆಗ ಚಕ್ರದ ಕಡೆ ಹೋಗುವ ಆ್ಯಕ್ಸಲ್ಲಿನ ಸೀಲುಗಳ ತುಟಿಯಿಂದಲೇ ಎಳೆದುಕೊಳ್ಳುತ್ತದೆ.

"ನಮ್ಮ ಕಡಿ ಬಟ್ಟಿ ಸರದರ ಹೊಟ್ಟಿ ಮ್ಯಾಲ ದೀಪಾ ಇಟ್ಟು ತಂಬಿಗಿ ಬೋರಲ ಹಾಕ್ತಾರಲ್ರಿ? ದೀಪಾ ಆರಿದ ಕೂಡ್ಲೆ ತಂಬಿಗಿ ಚರ್ಮಾ ಹೆಂಗ ಎಳೀತೈತಿ? ಹಂಗ ಇದು."

ಭೌತಶಾಸ್ತ್ರದ ಪುಸ್ತಕ ನನಗೆ ಇಷ್ಟು ಚೆನ್ನಾಗಿ ಹೇಳಿರಲಿಲ್ಲ.

ಬಿಳಿ ಕಾರಿನ ಪೆಟ್ಟಿಗೆಯ ಒಳಗನ್ನು ನೋಡಿ. ಚೀನಿಕಾಯಿ ಗಾತ್ರದ, ಉಕ್ಕಿನ ಗುಂಡು ಹೊಟ್ಟೆಯದು ಕನ್ವರ್ಟರ್. ಕ್ಲಚ್ ಪೆಡಲ್ ಇಲ್ಲದ ಕಾರಿನಲ್ಲಿ ಎಂಜಿನ್ನಿನ ತಿರುಗನ್ನು ಎಣ್ಣೆಯ ಸುಳಿಯ ಮೂಲಕ ಗೇರಿಗೆ ದಾಟಿಸುವುದು ಇದೇ. ಎರಡು ಫ್ಯಾನು ಎದುರುಬದುರು ಇಟ್ಟು ಒಂದನ್ನು ಓಡಿಸಿದರೆ ಅದರ ಗಾಳಿಗೆ ಇನ್ನೊಂದು ತಿರುಗುತ್ತದಲ್ಲ, ಹಾಗೆ. ಅದರ ಪಕ್ಕ, ಮರಾಠಿ ಪತ್ರಿಕೆಯೊಂದನ್ನು ಹಾಸಿ ಅದರ ಮೇಲೆ ಬಳೆಗಳಂತೆ ಸಾಲಾಗಿ ಜೋಡಿಸಿಟ್ಟಿರುವುದು ಕ್ಲಚ್ ಪ್ಲೇಟುಗಳು. ಒಂದು ಬರೀ ಉಕ್ಕು, ಇನ್ನೊಂದರ ಎರಡೂ ಮೈಗೆ ಕಂದು ಬಣ್ಣದ ತೆಳು ಪಟ್ಟಿ. ಮುಟ್ಟಿ ನೋಡಿ, ರಟ್ಟಿನ ಹಾಗಿದೆ. ರಟ್ಟೇ ಅನ್ನಬೇಕು. ಕಾಗದದ ನಾರು, ರಾಳ, ಅದನ್ನು ಉಕ್ಕಿಗೆ ಹಿಡಿಸುವ ಅಂಟು. ಒಂದೂವರೆ ಟನ್ನಿನ ಕಾರು ಘಾಟಿ ಏರುವುದು ಈ ಕಾಗದವನ್ನು ನಂಬಿಕೊಂಡು. ಎಣ್ಣೆಯಲ್ಲಿ ವರ್ಷಗಟ್ಟಲೆ ನೆಂದರೂ ಅದಕ್ಕೆ ಏನೂ ಆಗುವುದಿಲ್ಲ, ಆದರೆ ನೀರು ಕಂಡರೆ ಎಣ್ಣೆಯನ್ನು ಬಿಟ್ಟು ನೀರನ್ನೇ ಹೀರುತ್ತದೆ. ಉಬ್ಬುತ್ತದೆ. ಅಂಟು ಸಡಿಲಾಗುತ್ತದೆ. ಮೂರು ವಾರದ ಓಡಾಟದಲ್ಲಿ ಇಲ್ಲಿ ಅಂಥದ್ದೇ ಆಗಿದೆ: ಮಿಸ್ತ್ರಿ ಉಗುರು ತಾಗಿಸಿದರೆ ಸಾಕು, ನೆನೆದ ಹಪ್ಪಳದ ಹಾಗೆ ಪಟ್ಟಿ ಎದ್ದು ಬೆರಳಿಗೇ ಅಂಟಿಕೊಂಡು ಬಂತು. ಎದ್ದ ಚೂರುಗಳೆಲ್ಲ ಎಣ್ಣೆಯ ಜೊತೆ ಹರಿದು, ಗೇರುಗಳಿಗೆ ಎಣ್ಣೆ ಹಂಚುವ ವಾಲ್ವ್ ಬಾಡಿಯ ಕೂದಲೆಳೆಯ ದಾರಿಗಳಲ್ಲಿ ಸಿಕ್ಕಿಕೊಂಡಿವೆ. ಉಕ್ಕಿನ ಬಳೆಗಳ ಮೇಲೆ ತುಕ್ಕಿನ ಚುಕ್ಕೆ. ಎರಡರಿಂದ ಮೂರನೇ ಗೇರಿಗೆ ಹೋಗುವಾಗ ಎಂಜಿನ್ ಸುಮ್ಮನೆ ಕೂಗಿ ಗಾಡಿ ಮುಂದೆ ಹೋಗದೆ ಇದ್ದಾಗಲಷ್ಟೇ ಒಡೆಯನಿಗೆ ಗೊತ್ತಾದದ್ದು. ಈಗ ಪ್ಲೇಟು, ಸೀಲು, ಕನ್ವರ್ಟರ್ ಎಲ್ಲ ಬದಲು. ಖರ್ಚು ಕೇಳಬೇಡಿ, ನಾನೂ ಕೇಳಲಿಲ್ಲ. ಆ ಒಡೆಯ ಬಾಗಿಲಲ್ಲೇ ನಿಂತಿದ್ದ.

ಚಹಾ ಬಂತು. ಕಟಿಂಗ್ ಗ್ಲಾಸಿನ ಅಂಚಿಗೂ ಕಪ್ಪು ಬೆರಳಚ್ಚು.

ವರ್ಷಕ್ಕೆ ಸುಮಾರು 700 ಮಿಲಿಮೀಟರ್ ಮಳೆ ಬೀಳುವ ಪುಣೆ ಮುಳುಗುವ ಊರು ಎಂದು ಹಿಂದೆ ಯಾರೂ ಹೇಳುತ್ತಿರಲಿಲ್ಲ. ಮುದುಕರಿಗೆ ನೆನಪಿರುವ ಪ್ರಳಯ 1961ರ ಜುಲೈ 12ರದು, ಪಾನ್‌ಶೇತ್ ಅಣೆಕಟ್ಟು ಒಡೆದದ್ದು. ಈಚಿನವರಿಗೆ ಬೇರೆ ತಾರೀಖುಗಳಿವೆ. 2019ರ ಸೆಪ್ಟೆಂಬರ್ 25ರ ರಾತ್ರಿ ಆಂಬಿಲ್ ಓಢಾ ಎಂಬ ಹಳ್ಳ ಉಕ್ಕಿ ಜನರನ್ನೂ ಗೋಡೆಗಳನ್ನೂ ಕಾರುಗಳನ್ನೂ ಎಳೆದುಕೊಂಡು ಹೋಯಿತು. 2024ರ ಜುಲೈ 25ರಂದು ಖಡಕ್‌ವಾಸ್ಲಾ ಅಣೆಕಟ್ಟಿನಿಂದ ಬಿಟ್ಟ ನೀರಿಗೆ ಸಿಂಹಗಡ ರಸ್ತೆಯ ಏಕತಾ ನಗರಿ ಮುಳುಗಿತು. ನಮ್ಮ ವಿಮಾನ ನಗರದ ಸಂಗತಿ ನದಿಯದಲ್ಲ, ಹಳ್ಳವನ್ನು ಹಿಸುಕಿ ಕಟ್ಟಿಕೊಂಡದ್ದರದು. ಅರ್ಧ ಗಂಟೆ ಜೋರು ಮಳೆ ಬಂದರೆ ನೀರಿಗೆ ಹೋಗಲಿಕ್ಕೆ ಜಾಗವಿಲ್ಲ, ಬೇಸ್‌ಮೆಂಟಿಗೆ ಇಳಿಯುತ್ತದೆ. ತಮಾಷೆಯೆಂದರೆ ಇದೇ ಬಡಾವಣೆ ವರ್ಷಗಟ್ಟಲೆ ಟ್ಯಾಂಕರಿಗೆ ಕೈ ಚಾಚಿ ನಿಂತಿತ್ತು. ಭಾಮಾ ಆಸಖೇಡ್ ಅಣೆಕಟ್ಟಿನ ನೀರು ಪುಣೆಯ ಈ ಪೂರ್ವ ಭಾಗಕ್ಕೆ ಹರಿದದ್ದು 2021ರಲ್ಲಿ.

ಬೆಂಗಳೂರಿನವರು ನಗಬೇಕಿಲ್ಲ. 2022ರ ಸೆಪ್ಟೆಂಬರಿನಲ್ಲಿ ಯಮಲೂರಿನ ವಿಲ್ಲಾಗಳ ಮುಂದೆ ಕೋಟಿ ಬೆಲೆಯ ಕಾರುಗಳು ಬಾನೆಟ್‌ವರೆಗೆ ಮುಳುಗಿ ನಿಂತ ಚಿತ್ರಗಳನ್ನು ದೇಶವೆಲ್ಲ ನೋಡಿದೆ. ಅಂಥವುಗಳಲ್ಲಿ ಕ್ಲಚ್ ಪೆಡಲ್ ಇರುವುದು ಅಪರೂಪ. ಈ ಎರಡೂ ಊರಿನವರಿಗಿಂತ ಬುದ್ಧಿವಂತರು ಚೆನ್ನೈಯವರು: ದೊಡ್ಡ ಮಳೆಯ ಮುನ್ಸೂಚನೆ ಬಂದರೆ ಸಾಕು, ವೇಲಚೇರಿಯ ಜನ ತಮ್ಮ ಕಾರುಗಳನ್ನು ಫ್ಲೈಓವರಿನ ಮೇಲೆ ಸಾಲಾಗಿ ತಂದು ನಿಲ್ಲಿಸುತ್ತಾರೆ. ಪೊಲೀಸರು ಗೊಣಗಿದರೂ ಕೇಳುವುದಿಲ್ಲ. ಗೇರ್‌ಬಾಕ್ಸಿಗೆ ಅದಕ್ಕಿಂತ ಒಳ್ಳೆಯ ರಕ್ಷಣೆ ಯಾವ ಗ್ಯಾರೇಜಿನಲ್ಲೂ ಸಿಗುವುದಿಲ್ಲ.

ಹೀಗೆ ಕೂತಿರುವಾಗಲೇ ನೀಲಿ ಕಾರಿಗೆ ಫಿಲ್ಟರ್ ಬದಲಾಗಿ, ಹೊಸ ಎಣ್ಣೆ ಹೊಯ್ದಾಯಿತು. ಚೇಂಬರ್ ಬಿಚ್ಚಿದರೆ ಬರುವುದು ಅರ್ಧವೋ ಅದಕ್ಕೂ ಕಡಿಮೆಯೋ. ಉಳಿದದ್ದು ಕನ್ವರ್ಟರಿನ ಹೊಟ್ಟೆಯಲ್ಲಿ, ಕೂಲರಿನ ಪೈಪುಗಳಲ್ಲಿ ಕೂತಿರುತ್ತದೆ. ಅದಕ್ಕೇ ತುಂಬಿಸು, ಎಂಜಿನ್ ಹಚ್ಚು, ಬ್ರೇಕ್ ಮೇಲೆ ಕಾಲಿಟ್ಟು ಗೇರಿನ ಕಡ್ಡಿಯನ್ನು ಒಂದೊಂದು ಮನೆಯಲ್ಲೂ ನಾಲ್ಕು ಕ್ಷಣ ನಿಲ್ಲಿಸು, ಆರಿಸು, ಮತ್ತೆ ಇಳಿಸು. ಪಾತ್ರೆ ಗಲಬರಿಸಿದ ಹಾಗೆ. ಎರಡನೇ ಸಲದ್ದು ಕಡುಗುಲಾಬಿ, ಮೂರನೆಯದು ಮಸುಕು ಕೆಂಪು. ಮೂರು ಬೋಗುಣಿಗಳೂ ಗೋಡೆಯ ಪಕ್ಕ ಸಾಲಾಗಿ ಕೂತಿವೆ, ಬಣ್ಣದಂಗಡಿಯ ನಮೂನೆಗಳ ಹಾಗೆ.

ಅಷ್ಟರಲ್ಲಿ ಚಿಕ್ಕ ಹುಡುಗ ಪಕ್ಕದ ಜೀಪಿನ ಬ್ರೀದರಿಗೆ ಒಂದು ರಬ್ಬರ್ ನಳಿಗೆ ಸಿಕ್ಕಿಸಿ, ಅದನ್ನು ಎಂಜಿನ್ನಿನ ಗೋಡೆಗುಂಟ ಏರಿಸಿ, ಗಾಜಿನ ಅಡಿಯವರೆಗೆ ಒಯ್ದು ಕಟ್ಟುತ್ತಿದ್ದ. ತುದಿ ಕೆಳಮುಖ. ಈಜುವವನು ಬಾಯಲ್ಲಿ ಕಚ್ಚುವ ನಳಿಗೆಯಂತೆ, ಪೆಟ್ಟಿಗೆ ಮುಳುಗಿದರೂ ಮೂಗು ಮೇಲೆ. ಕಾಡುಮೇಡು ತಿರುಗುವ ಗಾಡಿಗಳಲ್ಲಿ ಕಂಪನಿಯವರೇ ಹೀಗೆ ಎತ್ತರಕ್ಕೆ ಒಯ್ದಿರುತ್ತಾರೆ. ಥಾರ್ 650 ಮಿಲಿಮೀಟರ್ ನೀರು ದಾಟಬಲ್ಲದೆಂದು ಮಹೀಂದ್ರಾ ಹೇಳುವುದರ ಹಿಂದೆ ಇಂಥ ಸಣ್ಣಪುಟ್ಟ ಎಚ್ಚರಗಳಿವೆ. ನಮ್ಮ ಪೇಟೆಯ ಕಾರಿಗೆ ಆ ಅಂಕಿ ಅನ್ವಯಿಸುವುದಿಲ್ಲ. ಜಾಹೀರಾತಿನಲ್ಲಿ ಕೆಸರು ಚಿಮ್ಮಿಸಿಕೊಂಡು ಹಾರುವ ಗಾಡಿ ನೋಡಿ ಮರುದಿನ ಅಂಡರ್‌ಪಾಸಿಗೆ ಇಳಿಯುವವರಿಂದಲೇ ಮಿಸ್ತ್ರಿಯ ಮಕ್ಕಳ ಫೀಸು ಕಟ್ಟುವುದು ಎಂದು ನನ್ನ ಗುಮಾನಿ.

ಅವರ ಲೆಕ್ಕ ಸರಳ. ನೀರು ಚಕ್ರದ ನಡುಗುಂಬ ಮುಟ್ಟಿದರೆ ಹಿಂದಕ್ಕೆ ತಿರುಗಿಸು. ದಾಟಲೇಬೇಕೆಂದರೆ ಈಚೆಯೇ ಹದಿನೈದು ಇಪ್ಪತ್ತು ನಿಮಿಷ ನಿಲ್ಲಿಸಿ ಪೆಟ್ಟಿಗೆಯ ಕಾವು ಇಳಿಯಲಿ, ಆಮೇಲೆ ನಡಿಗೆಯ ವೇಗದಲ್ಲಿ, ನಡುವೆ ನಿಲ್ಲದೆ. ನಿಂತುಹೋದರೆ ಸ್ಟಾರ್ಟ್ ಬೇಡ, ಹಗ್ಗ ಕಟ್ಟಿ ಟೋಚನ್ನೂ ಬೇಡ. ಆಟೊಮ್ಯಾಟಿಕ್ಕಿನ ಎಣ್ಣೆ ಪಂಪು ಎಂಜಿನ್ ತಿರುಗಿದರೆ ಮಾತ್ರ ತಿರುಗುವುದು. ಆರಿದ ಗಾಡಿಯ ಚಕ್ರ ಉರುಳಿಸಿಕೊಂಡು ಎಳೆದರೆ ಒಳಗೆ ಒಣ ಉಜ್ಜಾಟ. ಗಾಡಿಯನ್ನೇ ಹೊತ್ತೊಯ್ಯುವ ಲಾರಿ ಕರೆಸಬೇಕು. ವಿಮೆಯವರದೂ ಇದೇ ಪಾಠ: ನೆರೆಗೆ ಮುಳುಗಿದ್ದಕ್ಕೆ ಕೊಡುವವರೂ, ಮುಳುಗಿದ್ದನ್ನು ಸ್ಟಾರ್ಟ್ ಮಾಡಿ ಕೆಡಿಸಿಕೊಂಡದ್ದಕ್ಕೆ, ಎಂಜಿನ್ ರಕ್ಷಣೆಯ ಬೇರೆ ಕಂತು ಕಟ್ಟಿರದಿದ್ದರೆ, ಕೈ ಅಲ್ಲಾಡಿಸುತ್ತಾರೆ.

"ಮಳಿ ಬಿಡ್ರಿ, ವಾಷಿಂಗಿಗೆ ಒಯ್ದು ನೀರ ಹೊಗಿಸ್ಕೊಂಡ ಬರ್ತಾರ," ಎಂದರು ಮಿಸ್ತ್ರಿ, ನನ್ನ ಕಡೆ ನೋಡದೆ. ಬಾನೆಟ್ ಎತ್ತಿ ಜೋರು ನೀರಿನ ಪಿಚಕಾರಿಯನ್ನು ನೇರ ಗೇರ್‌ಬಾಕ್ಸಿನ ನೆತ್ತಿಗೆ ಹಿಡಿಸುವ ಭಾನುವಾರದ ಚಟ ನನಗೂ ಇತ್ತು. ಸುಮ್ಮನೆ ಚಹಾ ಕುಡಿದೆ.

ಇನ್ನೊಂದು ನೀರಿದೆ, ಅದು ಬೇಸಿಗೆಯಲ್ಲೂ ಬರುತ್ತದೆ. ಅನೇಕ ಕಾರುಗಳಲ್ಲಿ ಗೇರಿನ ಎಣ್ಣೆಯನ್ನು ತಣಿಸುವ ನಳಿಗೆ ರೇಡಿಯೇಟರಿನ ಹೊಟ್ಟೆಯೊಳಗೇ ಹಾದುಹೋಗುತ್ತದೆ. ಈಚೆ ಕೂಲಂಟು, ಆಚೆ ಎಣ್ಣೆ, ನಡುವೆ ತೆಳು ಲೋಹದ ಗೋಡೆ. ನಾಲ್ಕು ಕಾಸು ಉಳಿಸಲು ಕೂಲಂಟಿಗೆ ಬೋರ್‌ವೆಲ್ಲಿನ ಗಡಸು ನೀರು ಬೆರೆಸಿದರೆ ಆ ಗೋಡೆ ತುಕ್ಕು ತಿಂದು ತೂತು ಬೀಳುತ್ತದೆ. ಆಮೇಲೆ ಒಂದು ಹನಿ ಮಳೆ ಇಲ್ಲದ ಮೇ ತಿಂಗಳಲ್ಲಿ ಎಣ್ಣೆ ಗುಲಾಬಿಯಾಗುತ್ತದೆ. ಮಳೆನೀರಿಗಿಂತ ಇದು ಕ್ರೂರ, ಕೂಲಂಟಿನ ಗ್ಲೈಕಾಲ್ ಪ್ಲೇಟಿನ ಅಂಟನ್ನೇ ಕರಗಿಸುತ್ತದೆ. ರೇಡಿಯೇಟರಿನ ಮುಚ್ಚಳ ತೆಗೆದಾಗ ಒಳಗೆ ಕೆನೆಗಟ್ಟಿದಂತೆ ಕಂಡರೆ ಗಾಡಿಯನ್ನು ಅಲ್ಲಿಂದ ಅಲುಗಿಸಬಾರದು.

2014ರಲ್ಲಿ ಸೆಲೇರಿಯೊ ಬಂದ ಮೇಲೆ ಮಧ್ಯಮ ವರ್ಗದ ಮನೆಗೂ ಕ್ಲಚ್ಚಿಲ್ಲದ ಕಾರು ಇಳಿಯಿತು. ಅದು ಎಎಂಟಿ, ಗೇರು ಹಳೆಯದೇ, ಕ್ಲಚ್ ತುಳಿಯುವ ಕಾಲು ಮಾತ್ರ ಯಂತ್ರದ್ದು. ಅದರಲ್ಲಿ ನೀರಿಗೆ ಹೆದರುವುದು ಆ ಕಾಲೇ. ಸಿವಿಟಿಯಲ್ಲಿ ಉಕ್ಕಿನ ಪಟ್ಟಿ ಎರಡು ರಾಟೆಗಳ ನಡುವೆ ಎಣ್ಣೆಯ ಹಿಡಿತದ ಮೇಲೆ ಓಡುತ್ತದೆ, ನೀರು ಬೆರೆತರೆ ಜಾರುತ್ತದೆ. ನನ್ನದು ಸಿವಿಟಿ. ಹೋದ ವಾರ ನಾನೂ ಒಂದು ತಗ್ಗು ದಾಟಿದ್ದೆ.

ಈಗಿನ ಬಹಳ ಕಾರುಗಳಲ್ಲಿ ಗೇರಿನ ಎಣ್ಣೆ ನೋಡುವ ಕಡ್ಡಿಯೇ ಇಲ್ಲ. ನನ್ನದನ್ನೂ ರ್‍ಯಾಂಪಿಗೆ ಏರಿಸಿ ಅಡಿಯ ನಟ್ಟು ಸಡಿಲಿಸಬೇಕಾಯಿತು. ನೀಲಿ ಕಾರಿನ ನಾಲ್ಕನೇ ಬೋಗುಣಿ ಅಷ್ಟರಲ್ಲಿ ತಳ ಕಾಣುವಷ್ಟು ಕೆಂಪಾಗಿ ಬಂದಿತ್ತು. "ಇಪ್ಪತ್ತ ದಿನಾ ಬಿಟ್ಟ ಮತ್ತ ತೋರಸ ಅಂತ ಹೇಳ್ತೀನಿ, ಪ್ಲೇಟ್ ಎಷ್ಟ ಕುಡದೈತೋ ಯಾರ ಬಲ್ಲರು," ಎನ್ನುತ್ತ ಮಿಸ್ತ್ರಿ ಮತ್ತೆ ಸ್ಟೋವ್ ಹಚ್ಚಿ ತವೆ ಕಾಯಿಸಿ ಆರಿಸಿದರು. ನನ್ನ ಕಾರಿನ ಎಣ್ಣೆಯನ್ನು ಕಡ್ಡಿಯ ತುದಿಗೆ ಹಿಡಿದರು. ಹುಡುಗರು, ಬಾಗಿಲಲ್ಲಿದ್ದ ಬಿಳಿ ಕಾರಿನವನು, ನಾನು, ಎಲ್ಲ ತವೆಯ ಸುತ್ತ ಬಗ್ಗಿದೆವು.

ಹನಿ ಬಿದ್ದದ್ದಕ್ಕೂ ತಗಡು ಗುಡುಗಿದ್ದಕ್ಕೂ ಸರಿಹೋಯಿತು. ಸುಖೋಯ್ ನೆತ್ತಿಯ ಮೇಲೆಯೇ ಇತ್ತು. ಚಟಪಟ ಅಂದಿತೋ ಇಲ್ಲವೋ ಯಾರಿಗೂ ಕೇಳಲಿಲ್ಲ. ಹನಿ ತವೆಯ ಮೇಲೆ ಅಗಲವಾಗಿ ಹರಡಿ, ಅಂಚಿನಲ್ಲಿ ಒಮ್ಮೆ ನಡುಗಿತು. ಅದು ನೀರಿನ ನಡುಕವೋ ವಿಮಾನದ ನಡುಕವೋ. ನಾನು ಮಿಸ್ತ್ರಿಯ ಮುಖ ನೋಡಿದೆ. ಅವರು ಕೈ ಎತ್ತಿ ತಡೀರಿ ಅಂದರು, ಸದ್ದು ಮೋಡ ದಾಟುವವರೆಗೂ ಕಾದರು, ಕಡ್ಡಿಯನ್ನು ಮತ್ತೊಮ್ಮೆ ಎಣ್ಣೆಗೆ ಅದ್ದಿದರು.